ಸೆಲ್ಲೋಟೇಪಿನ ಕೆಳಗಿನ ಕೆರೆ

ನಾನು ಕೆಲಸಕ್ಕೆ ಸೇರಿದ ದಿನ ನನ್ನ ಕೈಗೆ ಬಂದದ್ದು ಒಂದು ಬೀಗದಕೈ ಮತ್ತು ಅರ್ಧ ತುಂಬಿದ ಒಂದು ಸ್ಟಾಕ್ ರಿಜಿಸ್ಟರ್. ಹಳೇಬೀಡಿನಿಂದ ಮಾದಿಹಳ್ಳಿ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಊರು ನಮ್ಮದು. ಹಳೇ ಪಂಚಾಯ್ತಿ ಕಟ್ಟಡದ ಒಂದು ಕೋಣೆಯೇ ಗ್ರಂಥಾಲಯ. ಬೀಗ ತೆಗೆದರೆ ಎರಡು ಬೀರು, ಒಂದು ಉದ್ದನೆಯ ಮೇಜು, ನೆಲದ ಮೇಲೆ ದಾರ ಬಿಚ್ಚದ ಪುಸ್ತಕದ ಕಟ್ಟುಗಳು. ನಾನು ಪಿಯುಸಿ ಓದಿದ್ದೆ. ಗ್ರಂಥಾಲಯ ಅಂದರೆ ಏನು ಅಂತ ಓದಿರಲಿಲ್ಲ.

ಕೀ ಕೊಟ್ಟ ಅಧಿಕಾರಿಯನ್ನು ನಾನೇ ಕೇಳಿದೆ. "ಸಾರ್, ಕೆಲಸ ಹೇಗೆ ಮಾಡಬೇಕು ಅಂತ ಯಾರಾದರೂ ಹೇಳಿಕೊಡ್ತಾರಾ?"

ಅವರು ಆಗಲೇ ಜೀಪಿನಲ್ಲಿ ಒಂದು ಕಾಲಿಟ್ಟಿದ್ದರು. "ಪುಸ್ತಕ ಕೊಡೋದು, ವಾಪಸ್ ಇಸ್ಕೊಳ್ಳೋದು. ಇದರಲ್ಲಿ ಕಲಿಯೋದೇನಮ್ಮ ಇದೆ?" ಅಂದರು.

ಮೂವತ್ತೊಂದು ವರ್ಷ ಕೆಲಸ ಮಾಡಿ ಹೋದ ವರ್ಷ ನಿವೃತ್ತಳಾದೆ. ಅಧಿಕಾರಿಗಳು ಬದಲಾದರು, ಬೋರ್ಡಿನ ಮೇಲಿನ ಹೆಸರು ಬದಲಾಯಿತು, ನಮ್ಮನ್ನು ಒಂದು ಇಲಾಖೆಯಿಂದ ಇನ್ನೊಂದಕ್ಕೆ ದಾಟಿಸಿದರು. ಆ ಮಾತು ಮಾತ್ರ ಬದಲಾಗಲಿಲ್ಲ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು ಕೆಲವರು ಫೋನ್ ಮಾಡಿ "ಮೇಡಂ, ಹೇಗಿರುತ್ತೆ?" ಅಂತ ಕೇಳುತ್ತಾರೆ. ಸನ್ಮಾನದ ದಿನ ನಾನು ಹೇಳಿದ್ದು ಬೇರೆ. ನಡೆದದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲ ವರ್ಷ ನಾನು ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿದೆ. ದೊಡ್ಡವು ಎಡಕ್ಕೆ, ಸಣ್ಣವು ಬಲಕ್ಕೆ. ನೋಡುವುದಕ್ಕೆ ಚೆನ್ನಾಗಿತ್ತು. ತಪಾಸಣೆಗೆ ಬಂದವರೂ ಚೆನ್ನಾಗಿದೆ ಅಂತಲೇ ಬರೆದು ಹೋದರು. ಒಬ್ಬ ಬಾಣಂತಿಯ ತಾಯಿ ಬಂದು ಮಗುವಿನ ಆರೈಕೆ ಬಗ್ಗೆ ಪುಸ್ತಕ ಇದೆಯಾ ಅಂದಾಗ ನಾನು ಎರಡೂ ಬೀರುವಿನ ಪುಸ್ತಕ ಇಳಿಸಬೇಕಾಯಿತು. ಆಕೆ ಅರ್ಧ ಗಂಟೆ ಕಾದು, "ಇರ್ಲಿ ಬಿಡವ್ವಾ, ಹಾಲು ಕಾಯ್ಸೋ ಹೊತ್ತಾಯ್ತು" ಅಂತ ಎದ್ದು ಹೋದರು. ಮತ್ತೆ ಬರಲಿಲ್ಲ.

ಪುಸ್ತಕಗಳನ್ನು ವಿಷಯದ ಪ್ರಕಾರ ಸಂಖ್ಯೆ ಹಾಕಿ ಇಡುವ ಒಂದು ಪದ್ಧತಿ ಇದೆ ಅಂತ ನನಗೆ ತಿಳಿದದ್ದು ನಾಲ್ಕನೇ ವರ್ಷ. ಹೇಳಿದ್ದು ಕಚೇರಿಯಲ್ಲ, ಮಂಜಪ್ಪ. ಬಿಕ್ಕೋಡಿನ ಆಚೆ ಒಂದು ಹಳ್ಳಿಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು. ಕಾಫಿ ತೋಟದ ಕೂಲಿಯವರಿಗೆ ಸಂಜೆ ಪೇಪರ್ ಓದಿ ಹೇಳುತ್ತಿದ್ದರು. ಅವರು ಯಾವುದೋ ಕೆಲಸಕ್ಕೆ ಪಟ್ಟಣಕ್ಕೆ ಹೋದಾಗ ಅಲ್ಲಿನ ದೊಡ್ಡ ಗ್ರಂಥಾಲಯದಲ್ಲಿ ನಿಂತು, ಪುಸ್ತಕದ ಬೆನ್ನ ಮೇಲಿನ ಸಂಖ್ಯೆಗಳನ್ನೆಲ್ಲ ಬರೆದುಕೊಂಡು ಬಂದಿದ್ದರು. ಬೇಲೂರಿನ ಮೀಟಿಂಗಿನಲ್ಲಿ ಆ ಹಾಳೆಯನ್ನು ನನ್ನ ಮುಂದಿಟ್ಟರು.

"ಗಿರಿಜಮ್ಮೋರೆ, ಇದನ್ನ ಕಾಪಿ ಮಾಡ್ಕೊಳಿ. ಕತೆ ಕಾದಂಬರಿ ಎಲ್ಲ ಎಂಟುನೂರರ ಮೇಲೆ. ವ್ಯವಸಾಯ, ವೈದ್ಯ ಎಲ್ಲ ಆರುನೂರರಲ್ಲಿ ಬರ್ತವೆ. ನಮಗೆ ಯಾರೂ ಹೇಳಲ್ಲ ಕಣ್ರೀ. ನಾವೇ ಕದ್ದು ಕಲೀಬೇಕು."

ಕದ್ದು ಕಲಿತದ್ದರಲ್ಲಿ ಅರ್ಧ ಸರಿ ಇರುತ್ತದೆ, ಅರ್ಧ ತಪ್ಪಿರುತ್ತದೆ. ಯಾವ ಅರ್ಧ ಯಾವುದು ಅಂತ ಗೊತ್ತಾಗುವುದಿಲ್ಲ. ನಾನು ಎರಡು ವರ್ಷ ದೇವರ ಪುಸ್ತಕಗಳ ಮೇಲೆಲ್ಲ ಗಣಿತದ ಸಂಖ್ಯೆ ಬರೆದಿದ್ದೆ.

ತರಬೇತಿ ಅಂತ ಆಗುತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಗುತ್ತಿತ್ತು. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ದಿನ. ಹತ್ತೂವರೆಗೆ ಅಂದರೆ ಹನ್ನೆರಡಕ್ಕೆ ಶುರು. ದೀಪ ಹಚ್ಚುವುದು, ಸ್ವಾಗತ, ಮುಖ್ಯ ಅತಿಥಿಗಳಿಂದ ಪುಸ್ತಕವೇ ನಮ್ಮ ಗೆಳೆಯ ಎಂಬ ಭಾಷಣ. ಆಮೇಲೆ ಊಟ. ಊಟವಾದ ಮೇಲೆ ಬ್ಯಾನರಿನ ಕೆಳಗೆ ಗುಂಪು ಫೋಟೋ. ಬ್ಯಾನರಿನಲ್ಲಿ ದಿನಾಂಕ ಇದ್ದ ಜಾಗಕ್ಕೆ ಬಿಳೀ ಕಾಗದ ಅಂಟಿಸಿ ಹೊಸ ದಿನಾಂಕ ಬರೆದಿರುತ್ತಿದ್ದರು. ನಾವು ಮೂರು ಕಡೆ ಸಹಿ ಮಾಡಿ ಬಸ್ಸಿಗೆ ಓಡುತ್ತಿದ್ದೆವು. ಒಮ್ಮೆ ಒಂದು ಕೈಪಿಡಿ ಕೊಟ್ಟರು. ಪೂರ್ತಿ ಇಂಗ್ಲಿಷಿನಲ್ಲಿತ್ತು. ನಾನು ಮನೆಯಲ್ಲಿ ನಿಘಂಟು ಇಟ್ಟುಕೊಂಡು ಹದಿನಾಲ್ಕು ಪುಟ ಓದಿದೆ. ಅದು ಕಾಲೇಜಿನ ಗ್ರಂಥಾಲಯಗಳಿಗೆ ಬರೆದದ್ದು ಅಂತ ಹದಿನೈದನೇ ಪುಟದಲ್ಲಿ ಅರ್ಥವಾಯಿತು.

ಕಂಪ್ಯೂಟರ್ ಬಂದಾಗಲೂ ಹಾಗೇ. ಉದ್ಘಾಟನೆ ಆಗುವ ತನಕ ಡಬ್ಬ ತೆಗೆಯಬೇಡಿ ಅಂತ ಆದೇಶ. ಉದ್ಘಾಟನೆಗೆ ಬರಬೇಕಾದವರು ಮಳೆಗಾಲ ದಾಟಿದ ಮೇಲೆ ಬಂದರು. ಅಷ್ಟರಲ್ಲಿ ಇಲಿ ವೈರು ಕಡಿದಿತ್ತು. "ಬೇಜವಾಬ್ದಾರಿ" ಅಂತ ನನಗೆ ಮೆಮೊ ಬಂತು. ಅದನ್ನು ಚಾಲೂ ಮಾಡುವುದು ಹೇಗೆ ಅಂತ ಹೇಳಿಕೊಡುವ ಪತ್ರ ಮಾತ್ರ ಬರಲಿಲ್ಲ.

ಇವೆಲ್ಲ ನುಂಗಿಕೊಳ್ಳಬಹುದಾದವು. ನುಂಗಲಾಗದ್ದು ಧರಣೇಂದ್ರಯ್ಯನವರ ನೋಟ್‌ಬುಕ್ಕುಗಳದ್ದು.

ಧರಣೇಂದ್ರಯ್ಯನವರು ಹಳೇಬೀಡಿನ ಬಸದಿಗಳ ಹತ್ತಿರದ ಒಂದು ಜೈನ ಮನೆತನದವರು. ನಮ್ಮೂರ ಕಡೆ ಸ್ವಲ್ಪ ಜಮೀನಿತ್ತು, ಹಳೇಬೀಡಿನಲ್ಲಿ ದಿನಸಿ ಅಂಗಡಿ. ದಿನವೂ ಸೈಕಲ್ಲಿನಲ್ಲಿ ಓಡಾಡುವವರು. ಅವರಿಗೆ ಕೆರೆಗಳ ಹುಚ್ಚು. ನಲವತ್ತು ವರ್ಷ ಸುತ್ತಮುತ್ತಲ ಹಳ್ಳಿಗಳ ಒಂದೊಂದು ಕೆರೆಯ ಏರಿ ಮೇಲೂ ನಡೆದು, ತೂಬು ಎಲ್ಲಿದೆ, ಕೋಡಿ ಯಾವ ಕಡೆ, ಗಡಿಕಲ್ಲು ಯಾವ ಮರದಿಂದ ಎಷ್ಟು ಹೆಜ್ಜೆ ದೂರ, ಯಾರ ಅಜ್ಜ ಯಾವಾಗ ಹೂಳು ತೆಗೆಸಿದ ಎಲ್ಲವನ್ನೂ ನೀಲಿ ಬಾಲ್ ಪೆನ್ನಿನಲ್ಲಿ ಬರೆದು, ಪಕ್ಕದಲ್ಲಿ ನಕ್ಷೆ ಹಾಕಿಟ್ಟಿದ್ದರು. ಹನ್ನೊಂದು ನೋಟ್‌ಬುಕ್ಕು. ನಾನು ಸೇರಿ ಒಂಬತ್ತು ವರ್ಷವಾದ ಮೇಲೆ ಒಂದು ದಿನ ಅವನ್ನೆಲ್ಲ ಒಂದು ಬಿಳೀ ಪಂಚೆಯಲ್ಲಿ ಸುತ್ತಿಕೊಂಡು ತಂದು ಮೇಜಿನ ಮೇಲಿಟ್ಟರು.

"ನನ್ನ ಮನೇಲಿ ಇದನ್ನ ಓದೋರಿಲ್ಲಮ್ಮ. ಇಲ್ಲಿದ್ರೆ ಊರಿನದಾಗುತ್ತೆ. ಹಾಳೆಗಳು ಮಡಿಕೆ ಹತ್ರ ಹರೀತಾ ಇವೆ. ಜೋಪಾನ ಮಾಡ್ತೀರಾ?"

"ನನ್ನ ಮಕ್ಕಳ ಹಾಗೆ ನೋಡ್ಕೋತೀನಿ ಸಾರ್," ಅಂದೆ.

ನಿಜವಾಗಿಯೂ ನೋಡಿಕೊಂಡೆ. ಅಂಗಡಿಯಿಂದ ಅಗಲದ ಸೆಲ್ಲೋಟೇಪು ತಂದು, ಒಂದು ತಿಂಗಳು ಮಧ್ಯಾಹ್ನಗಳಲ್ಲಿ ಕೂತು, ಹರಿದ ಒಂದೊಂದು ಹಾಳೆಗೂ ಎರಡೂ ಬದಿ ಅಂಟಿಸಿದೆ. ನಕ್ಷೆಗಳು ಮುಖ್ಯ ಅಂತ ಅವುಗಳ ಮೇಲೆ ಪೂರ್ತಿ ಅಂಟಿಸಿದೆ, ಒಂದು ಗೆರೆಯೂ ಅಳಿಸದಿರಲಿ ಅಂತ. ಗಾಜಿನ ಹಾಗೆ ಹೊಳೆಯುತ್ತಿತ್ತು. ಧರಣೇಂದ್ರಯ್ಯನವರು ನೋಡಿ ಕೈಮುಗಿದರು. ಮುಂದಿನ ತಪಾಸಣೆಯಲ್ಲಿ ಅಧಿಕಾರಿಗೂ ತೋರಿಸಿದೆ. "ಎಲ್ಲಾ ಗ್ರಂಥಾಲಯ ಮೇಲ್ವಿಚಾರಕರೂ ಹೀಗೆ ಆಸಕ್ತಿ ತೋರಿಸಬೇಕು" ಅಂತ ತಪಾಸಣಾ ಪುಸ್ತಕದಲ್ಲಿ ಬರೆದರು. ನನ್ನ ಬಗ್ಗೆ ಅದರಲ್ಲಿ ಬಂದ ಒಂದೇ ಒಂದು ಹೊಗಳಿಕೆ ಅದು. ನಾನು ನೋಟ್‌ಬುಕ್ಕುಗಳನ್ನು ಸ್ಟಾಕಿಗೆ ಏರಿಸಿ, ಸಂಖ್ಯೆ ಬರೆದು, ಬೀರುವಿನ ಮೇಲಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಅವನ್ನು ಕೇಳಿಕೊಂಡು ಯಾರೂ ಬರಲಿಲ್ಲ. ನಾನೂ ತೆಗೆಯಲಿಲ್ಲ.

ನನ್ನ ನಿವೃತ್ತಿಗೆ ಎರಡು ವರ್ಷ ಇದ್ದಾಗ ಅರಸೀಕೆರೆಯಲ್ಲಿ ಮೂರು ದಿನದ ತರಬೇತಿ ಅಂತ ಸುತ್ತೋಲೆ ಬಂತು. ಭಾಷಣದ ತರಬೇತಿಯಲ್ಲ. ಪುಸ್ತಕ ರಿಪೇರಿ, ವರ್ಗೀಕರಣ, ಕಂಪ್ಯೂಟರ್, ಓದಲು ಬರದವರಿಗೆ ಗ್ರಂಥಾಲಯ ಹೇಗೆ ಉಪಯೋಗ, ಹೀಗೆ ದಿನಕ್ಕೆ ನಾಲ್ಕು ಪಾಠ. ಮೂವತ್ತು ವರ್ಷ ನಾನು ಕಾದ ಪಟ್ಟಿಯನ್ನು ಯಾರೋ ನನ್ನ ತಲೆಯೊಳಗಿಂದ ತೆಗೆದು ಬರೆದ ಹಾಗಿತ್ತು. ಹೆಸರು ಕೊಟ್ಟೆ. ಅಂತಿಮ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದಿದ್ದರು.

ಬೇಲೂರಿನ ಕಚೇರಿಗೆ ಹೋಗಿ ಕೇಳಿದೆ. ಆ ಹೊತ್ತಿಗೆ ಅಲ್ಲಿ ನನ್ನ ಮಗನ ವಯಸ್ಸಿನ ಅಧಿಕಾರಿ ಇದ್ದರು.

"ಮೇಡಂ, ನಿಮ್ದು ಇನ್ನೆರಡು ವರ್ಷ ಸರ್ವೀಸು. ನಿಮಗೆ ಕಲಿಸಿ ಇಲಾಖೆಗೇನು ಲಾಭ ಹೇಳಿ? ಇರೋದೇ ನಲವತ್ತು ಸೀಟು."

"ಶುರುವಿನಲ್ಲೂ ಕಲಿಸಲಿಲ್ಲವಲ್ಲ ಸಾರ್."

"ಅದು ನನ್ನ ಕಾಲದ್ದಲ್ಲ," ಅಂದರು. ಅದೂ ನಿಜವೇ.

ಮಂಜಪ್ಪನವರು ನನಗಿಂತ ಮೂರು ವರ್ಷ ಚಿಕ್ಕವರು. ಅವರ ಹೆಸರು ಪಟ್ಟಿಯಲ್ಲಿತ್ತು. ಫೋನ್ ಮಾಡಿ, "ಗಿರಿಜಮ್ಮೋರೆ, ನನಗೆ ಮಂಡಿನೋವು. ಬಿಕ್ಕೋಡಿಂದ ಅರಸೀಕೆರೆಗೆ ಮೂರು ದಿನ ಓಡಾಡೋಕಾಗಲ್ಲ. ನನ್ನ ಸೀಟಲ್ಲಿ ನೀವು ಕೂತ್ಕೊಳಿ," ಅಂದರು. ಮಂಡಿನೋವು ಇತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ಹಳೇಬೀಡು ಬಿಟ್ಟು, ಜಾವಗಲ್, ಬಾಣಾವರ ದಾಟಿ ಅರಸೀಕೆರೆ ಸೇರಿದೆ. ಬಸ್ಸಿನಲ್ಲಿ ಮಾಲೇಕಲ್ಲು ತಿರುಪತಿಗೆ ಹೋಗುವವರು ಕಾಯಿ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ನನ್ನ ಮಡಿಲಲ್ಲಿ ಹೊಸ ನೋಟ್‌ಬುಕ್ಕು, ಎರಡು ಪೆನ್ನು. ಐವತ್ತೆಂಟರ ಹೆಂಗಸು ಶಾಲೆಗೆ ಸೇರುವ ಮಗುವಿನ ಹಾಗೆ ಹೋಗುತ್ತಿದ್ದೆ. ಹಾಜರಿ ತೆಗೆಯುವವನು ಪಟ್ಟಿ ನೋಡಿ, ನನ್ನನ್ನು ನೋಡಿ, "ಮಂಜಪ್ಪ ಅಂದ್ರೆ ನೀವಾ?" ಅಂದ.

"ಅವರ ಬದಲಿಗೆ."

"ಬದಲಿ ಅಂತ ಕಾಲಂ ಇಲ್ಲಮ್ಮ. ಮಂಜಪ್ಪ ಅಂತಲೇ ಸಹಿ ಮಾಡಿ."

ಮಾಡಿದೆ. ನನ್ನ ಜೀವಮಾನದಲ್ಲಿ ಪಡೆದ ಒಂದೇ ನಿಜವಾದ ತರಬೇತಿಯ ಪ್ರಮಾಣಪತ್ರದಲ್ಲಿ ಹೆಸರು ಮಂಜಪ್ಪ ಅಂತಲೇ ಇದೆ. ಅದನ್ನು ಅವರಿಗೆ ಕಳಿಸಿಕೊಟ್ಟೆ.

ಎರಡನೇ ದಿನ ಬೆಳಿಗ್ಗೆ ಪುಸ್ತಕ ರಿಪೇರಿಯ ಪಾಠ. ಕಲಿಸಲು ಬಂದಿದ್ದು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ನಿಧಾನವಾಗಿ ಮಾತಾಡುವವರು. ಮೈದಾ ಗಂಜಿ ಕಾಯಿಸುವುದು ಹೇಗೆ, ತೆಳು ಕಾಗದದ ಪಟ್ಟಿಯನ್ನು ಹರಿದ ಜಾಗಕ್ಕೆ ಕೂರಿಸುವುದು ಹೇಗೆ ಅಂತ ಮಾಡಿ ತೋರಿಸಿದರು. ಆಮೇಲೆ ಚೀಲದಿಂದ ಒಂದು ಹಳೇ ಹಾಳೆ ತೆಗೆದರು. ಮಧ್ಯದಲ್ಲಿ ಉದ್ದಕ್ಕೂ ಕಂದು ಬಣ್ಣದ ಕಲೆ, ಬೆಲ್ಲದ ಪಾಕ ಚೆಲ್ಲಿದ ಹಾಗೆ.

"ಇದು ಸೆಲ್ಲೋಟೇಪಿನ ಕೆಲಸ. ಹಾಕಿದಾಗ ಚೆನ್ನಾಗಿ ಕಾಣುತ್ತೆ. ಹತ್ತು ಹದಿನೈದು ವರ್ಷ ಕಳೆದರೆ ಅಂಟು ಕಾಗದಕ್ಕೆ ಇಳಿಯುತ್ತೆ. ಬಾಲ್ ಪೆನ್ನಿನ ಬರಹ ಆದರೆ ಇಂಕು ಕರಗಿ ಹರಡುತ್ತೆ. ಆಮೇಲೆ ಯಾರೂ ಏನೂ ಮಾಡೋಕಾಗಲ್ಲ. ದಯವಿಟ್ಟು ಯಾರೂ ಈ ತಪ್ಪು ಮಾಡಬೇಡಿ."

ನನ್ನ ಪಕ್ಕದವರು ಬರೆದುಕೊಳ್ಳುತ್ತಿದ್ದರು. ನನ್ನ ಪೆನ್ನು ನಿಂತುಹೋಯಿತು. ಲೆಕ್ಕ ಹಾಕಿದೆ. ಇಪ್ಪತ್ತು ವರ್ಷ. ಮಧ್ಯಾಹ್ನ ಊಟ ಮುಟ್ಟದೆ ಕೂತಿದ್ದೆ. ಆ ಹೆಣ್ಣುಮಗಳು ತಟ್ಟೆ ಹಿಡಿದು ಹತ್ತಿರ ಬಂದು, "ಯಾಕೆ ಮೇಡಂ, ಊಟ ಸರಿ ಇಲ್ವಾ?" ಅಂತ ಕೇಳಿದರು.

"ಟೇಪು ಹಾಕಿಬಿಟ್ಟಿದ್ರೆ ಈಗೇನು ಮಾಡಬೇಕು?" ಅಂದೆ.

ಅವರು ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು. "ಕೀಳಬೇಡಿ. ಕಾಣಿಸೋ ಅಷ್ಟನ್ನ ಫೋಟೋ ತೆಗೆದಿಡಿ. ಅಷ್ಟೇ," ಅಂದರು.

ಮೂರನೇ ದಿನ ಮುಗಿಸಿ ಬಂದ ಮರುದಿನ ಬೆಳಿಗ್ಗೆ ಬೀಗ ತೆಗೆದು ಮೇಲಿನ ಖಾನೆಗೆ ಕೈ ಹಾಕಿದೆ. ಟೇಪಿನ ಪ್ಲಾಸ್ಟಿಕ್ಕು ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಉದುರಿತು. ಹಾಕದೆ ಬಿಟ್ಟ ಕಡೆ ಅಕ್ಷರ ಹಾಗೇ ಇದ್ದವು. ನಾನು ಜೋಪಾನ ಮಾಡಿದ ಕಡೆ ನೀಲಿ ಮಂಜು. ಅತಿ ಮುಖ್ಯ ಅಂತ ಪೂರ್ತಿ ಮುಚ್ಚಿದ್ದ ನಕ್ಷೆಗಳಲ್ಲಿ ಕೆರೆ ಯಾವುದು, ದಾರಿ ಯಾವುದು ಗೊತ್ತಾಗುತ್ತಿರಲಿಲ್ಲ. ಅದೇ ವಾರ ಉಳಿದದ್ದನ್ನೆಲ್ಲ ಫೋನಿನಲ್ಲಿ ಫೋಟೋ ತೆಗೆದೆ. ಧರಣೇಂದ್ರಯ್ಯನವರಿಗೆ ಹೇಳಬೇಕು ಅಂತ ದಿನವೂ ಅಂದುಕೊಂಡೆ. ಅವರಿಗೆ ಎಂಬತ್ತೈದು ದಾಟಿತ್ತು. ಹೇಳಲಿಲ್ಲ.

ಎರಡು ತಿಂಗಳ ಮೇಲೆ ಹೊನ್ನಮ್ಮನ ಕೆರೆಯ ಕೆಳಗಿನ ಗದ್ದೆಯ ನಿಂಗೇಗೌಡರು ನಾಲ್ಕು ಜನರ ಜೊತೆ ಬಂದರು. ಕೆರೆಯ ಅಂಗಳದೊಳಕ್ಕೆ ಯಾರೋ ಬೇಲಿ ತಂದು ನಿಲ್ಲಿಸಿದ್ದರು. ಸರ್ವೆಯವರು ಬಂದು, ಹಳೇ ನಕ್ಷೆ ಸವೆದಿದೆ, ಮೂಡಲ ಗಡಿಕಲ್ಲು ಎಲ್ಲಿದೆ ತೋರಿಸಿ, ಅಲ್ಲಿಂದ ಅಳೀತೀವಿ ಅಂದಿದ್ದರಂತೆ. ಕಲ್ಲು ಹೂಳಿನಲ್ಲಿ ಮುಚ್ಚಿಹೋಗಿತ್ತು.

"ಮೇಡಮ್ಮಾರೆ, ಧರಣೇಂದ್ರಯ್ಯನೋರು ಬರ್ದಿರೋ ಬುಕ್ಕು ನಿಮ್ ತಾವ ಐತಂತಲ್ಲ. ಕಲ್ಲು ಹೊಂಗೆ ಮರದಿಂದ ಎಷ್ಟು ಹೆಜ್ಜೆ ಅಂತ ಅದ್ರಾಗೆ ಐತಂತೆ. ಅದೊಂದ್ ತೆಗ್ದು ಹೇಳ್ಬುಡಿ, ಅಗೆದು ತೋರಿಸ್ತೀವಿ."

ಏಳನೇ ನೋಟ್‌ಬುಕ್ಕು. ಹೊನ್ನಮ್ಮನ ಕೆರೆ. "ಕೋಡಿ ಹತ್ತಿರದ ಹೊಂಗೆ ಮರದ ಬುಡದಿಂದ ಮೂಡಲಿಗೆ" ಅಂತ ಸ್ಪಷ್ಟವಾಗಿತ್ತು. ಆಮೇಲೆ ಕಂದು ಪಟ್ಟಿ. ಆಮೇಲೆ "ಹೆಜ್ಜೆಗೆ ಗಡಿಕಲ್ಲು. ಕಲ್ಲಿನ ತಲೆ ಮುರಿದಿದೆ" ಅಂತ ಮತ್ತೆ ಸ್ಪಷ್ಟ. ಸಂಖ್ಯೆ ಇದ್ದ ಜಾಗವನ್ನು ಕಿಟಕಿಗೆ ಹಿಡಿದು ನೋಡಿದೆವು, ಟಾರ್ಚ್ ಬಿಟ್ಟು ನೋಡಿದೆವು, ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆವು. ಒಬ್ಬರಿಗೆ ಎಂಬತ್ತು ಅಂತ ಕಂಡಿತು, ಇನ್ನೊಬ್ಬರಿಗೆ ಮುನ್ನೂರು.

"ಇದ್ಯಾಕೆ ಹಿಂಗಾಗೈತೆ?" ಅಂದರು ನಿಂಗೇಗೌಡರು.

"ನಾನೇ ಟೇಪು ಹಾಕಿದ್ದು ಗೌಡರೆ. ಹರೀಬಾರದು ಅಂತ."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಸುಲಭವಾಗುತ್ತಿತ್ತು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಬನ್ರಲಾ, ಅಯ್ಯನೋರ್ನೇ ಕೇಳವ," ಅಂತ ಹೊರಟರು. ನಾನೂ ಬಾಗಿಲು ಹಾಕಿಕೊಂಡು ಹಿಂದೆ ಹೋದೆ.

ಧರಣೇಂದ್ರಯ್ಯನವರು ಜಗಲಿಯಲ್ಲಿ ಕೂತಿದ್ದರು. ಕಣ್ಣು ಮಂಜಾಗಿತ್ತು, ಬುದ್ಧಿ ಚುರುಕಾಗೇ ಇತ್ತು. ನೋಟ್‌ಬುಕ್ಕನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಬೆರಳಿನಿಂದ ಕಂದು ಪಟ್ಟಿಯನ್ನು ಸವರಿದರು.

"ನೆನಪಿದ್ದಿದ್ರೆ ನಾನ್ಯಾಕೆ ಬರೀತಿದ್ದೆ ಗೌಡ," ಅಂದರು.

ಆಮೇಲೆ ನನ್ನ ಕಡೆ ತಿರುಗಿದರು. "ಉಳಿದ ಹತ್ತು ಪುಸ್ತಕ ನನಗೆ ವಾಪಸ್ ಕೊಡ್ತೀರಾ ಅಮ್ಮ? ಕೋಪಕ್ಕಲ್ಲ. ನನ್ನ ಹತ್ರ ಇರಲಿ."

ಸ್ಟಾಕಿಗೆ ಏರಿಸಿದ ಪುಸ್ತಕವನ್ನು ಹಾಗೆಲ್ಲ ವಾಪಸ್ ಕೊಡುವಂತಿಲ್ಲ. ಮೇಲಿನಿಂದ ಆದೇಶ ಬೇಕು. ಆದೇಶ ಬರುವಷ್ಟು ಆಯಸ್ಸು ಅವರಿಗಿರಲಿಲ್ಲ. ಆ ಸಂಜೆ ರಿಜಿಸ್ಟರಿನಲ್ಲಿ ಹನ್ನೊಂದೂ ಸಂಖ್ಯೆಗಳ ಮುಂದೆ "ಜೀರ್ಣವಾಗಿದೆ, ಸ್ಟಾಕಿನಿಂದ ತೆಗೆದಿದೆ" ಅಂತ ಬರೆದು ಸಹಿ ಮಾಡಿದೆ. ಅವರು ತಂದಿದ್ದ ಹಾಗೆಯೇ ಬಟ್ಟೆಯಲ್ಲಿ ಸುತ್ತಿ ತಲುಪಿಸಿದೆ. ಮಂಜಪ್ಪನವರ ಹೆಸರಿನಲ್ಲಿ ಮಾಡಿದ ಸಹಿ ಬಿಟ್ಟರೆ, ಸರ್ವೀಸಿನಲ್ಲಿ ನಾನು ತಿಳಿದು ಬರೆದ ಸುಳ್ಳು ಅದೊಂದೇ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಊರಿನವರು ಮೂರು ಕಡೆ ಅಗೆದರು. ಕಲ್ಲು ಸಿಗಲಿಲ್ಲ. ಬೇಲಿ ಹಾಕಿದವನೇ ಮೊದಲೇ ಕಿತ್ತಿದ್ದಿರಬಹುದು, ಸಂಖ್ಯೆ ಇದ್ದರೂ ಸಿಗುತ್ತಿರಲಿಲ್ಲ ಅಂತ ಕೆಲವರು ನನಗೆ ಸಮಾಧಾನ ಹೇಳಿದರು. ಇರಬಹುದು. ಸರ್ವೆಯವರು ಇನ್ಯಾವುದೋ ಕಡೆಯಿಂದ ಅಳೆದು ಹೋದರು. ಬೇಲಿ ಅಲ್ಲೇ ಉಳಿಯಿತು. ಈಗ ಅಲ್ಲಿ ತೆಂಗಿನ ಸಸಿಗಳು ಎದೆಯೆತ್ತರ ಬಂದಿವೆ. ನಿಂಗೇಗೌಡರು ಆಮೇಲೆ ಪೇಪರ್ ಓದುವುದಕ್ಕೂ ಗ್ರಂಥಾಲಯಕ್ಕೆ ಬರಲಿಲ್ಲ. ಧರಣೇಂದ್ರಯ್ಯನವರು ಆ ಚಳಿಗಾಲದಲ್ಲಿ ತೀರಿಕೊಂಡರು.

ನನ್ನ ಜಾಗಕ್ಕೆ ಬಂದ ಹುಡುಗಿ ಕಾವ್ಯ, ಬೇಲೂರಿನ ಕಡೆಯವಳು, ಬಿ.ಎ. ಓದಿದ್ದಾಳೆ. ನಾನು ಒಂದು ವಾರ ಜೊತೆಯಲ್ಲಿ ಕೂತು ಹೇಳಿಕೊಡುತ್ತೇನೆ ಅಂತ ಅರ್ಜಿ ಕೊಟ್ಟೆ. ನಿವೃತ್ತರು ಒಳಗೆ ಕೂರಲು ಅವಕಾಶವಿಲ್ಲ ಅಂದರು. ಅವಳೇ ಭಾನುವಾರ ನಮ್ಮ ಮನೆಗೆ ಬರತೊಡಗಿದಳು. ನಾನು ಗೊತ್ತಿದ್ದದ್ದನ್ನು ಹೇಳಿದೆ. ಗೊತ್ತಿಲ್ಲದ್ದು ಯಾವುದು ಅಂತಲೂ ಹೇಳಿದೆ, ಟೇಪಿನ ಕತೆಯನ್ನೂ.

ಮೂರನೇ ಭಾನುವಾರ ಅವಳು ಒಂದು ಹಾಳೆ ತಂದಳು. "ಮೇಡಂ, ಆಫೀಸಿಗೆ ಬರೆದಿದೀನಿ. ಕಾಗುಣಿತ ನೋಡ್ತೀರಾ?"

ಓದಿದೆ. "ನನಗೆ ಈ ಕೆಲಸ ಗೊತ್ತಿಲ್ಲ. ದಯವಿಟ್ಟು ಕಲಿಸಿಕೊಡಿ. ಕಲಿಸುವವರೆಗೆ ನನ್ನಿಂದ ಪುಸ್ತಕಗಳಿಗೆ ಹಾನಿಯಾದರೆ ನಾನೊಬ್ಬಳೇ ಜವಾಬ್ದಾರಳಲ್ಲ." ಕೆಳಗೆ ಸಹಿ.

ಗೊತ್ತಿಲ್ಲ ಅಂತ ಬರೆದು ಕೊಡಬಹುದು ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಗೊತ್ತಿಲ್ಲ ಅಂದರೆ ತೆಗೆದುಬಿಡುತ್ತಾರೆ ಅನ್ನೋ ಭಯದಲ್ಲೇ ಗೊತ್ತಿರುವವಳ ಹಾಗೆ ಬದುಕಿದ್ದೆ. ಎರಡು ಒತ್ತಕ್ಷರ ತಿದ್ದಿ ಕೊಟ್ಟೆ.

ಹದಿನೈದು ದಿನಕ್ಕೆ ಉತ್ತರ ಬಂತು. ತರಬೇತಿಯ ಪತ್ರವಲ್ಲ, ನೋಟಿಸು. ಕೆಲಸ ಗೊತ್ತಿಲ್ಲದೆ ಹುದ್ದೆಗೆ ಸೇರಿದ್ದೇಕೆ, ಏಳು ದಿನದೊಳಗೆ ವಿವರಣೆ ಕೊಡಿ ಅಂತ. ಕಾವ್ಯ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಇಬ್ಬರೂ ಕೂತು ವಿವರಣೆ ಬರೆದೆವು. ಐದನೇ ದಿನ ಒಟ್ಟಿಗೆ ಬೇಲೂರಿನ ಬಸ್ಸು ಹತ್ತಿದೆವು.

ಅಧಿಕಾರಿ ನನ್ನನ್ನು ನೋಡಿ, "ನೀವ್ಯಾಕೆ ಬಂದ್ರಿ ಮೇಡಂ? ರಿಟೈರ್ ಆಗಿದೀರಲ್ಲ," ಅಂದರು.

"ಈ ಹುಡುಗಿ ಬರೆದಿರೋದು ನಿಜ ಅಂತ ಹೇಳೋಕೆ ಬಂದೆ ಸಾರ್. ನನಗೂ ಯಾರೂ ಕಲಿಸಲಿಲ್ಲ."

ಅವರು ಪತ್ರವನ್ನು ಮೇಜಿನ ಮೇಲಿಟ್ಟು ಕುರ್ಚಿಗೆ ಒರಗಿದರು. "ಮೂವತ್ತೊಂದು ವರ್ಷ ಸುಮ್ಮನಿದ್ದು ಈಗ ಹೇಳ್ತಾ ಇದೀರಾ?"

ಬೇಕೆಂದೇ ಚುಚ್ಚಿದ್ದರು, ಆದರೆ ಕೇಳಿದ್ದು ಸರಿಯಾಗಿತ್ತು. ನಾನು ತಲೆ ತಗ್ಗಿಸಿ ನಿಂತೆ.

ಕಾವ್ಯ ವಿವರಣೆಯ ಎರಡನೇ ಪ್ರತಿಯನ್ನು ಅವರ ಮುಂದೆ ಸರಿಸಿದಳು. "ಸಾರ್, ಇದರ ಮೇಲೆ ಸ್ವೀಕರಿಸಿದೆ ಅಂತ ಸೀಲು ಹಾಕಿ, ಸಹಿ ಮಾಡಿ, ತಾರೀಕು ಬರೆದು ಕೊಡಿ. ನಾವು ಕಾಯ್ತೀವಿ," ಅಂದಳು. ಅಲ್ಲಿದ್ದ ಕುರ್ಚಿಯನ್ನು ನನ್ನ ಕಡೆ ಎಳೆದು ನನ್ನನ್ನು ಕೂರಿಸಿದಳು. ಅವಳು ನಿಂತೇ ಇದ್ದಳು.

ಅಧಿಕಾರಿ ಡ್ರಾಯರ್ ಎಳೆದು ಸೀಲು ಹುಡುಕತೊಡಗಿದರು.